ಹಿಗ್ಗುವ ಟೋಪಿ, ಮಣಿಯದ ಹೂವು

ನನ್ನ ಕೈಯಲ್ಲಿ ಎರಡು ಹೆಣಿಗೆಯ ತುಂಡುಗಳಿವೆ. ಎರಡೂ ಒಂದೇ ಉಂಡೆಯ ಉಲ್ಲನ್ ದಾರದವು, ಎರಡೂ ಕೆಂಪು, ಅಳತೆಯೂ ಹೆಚ್ಚುಕಡಿಮೆ ಒಂದೇ. ಮುಂದಿನ ಸಾಲಿನಲ್ಲಿರುವವರು ಇವನ್ನು ಅಡ್ಡಡ್ಡ ಎಳೆದು ನೋಡಿ ಹಿಂದಿನವರಿಗೆ ದಾಟಿಸಿ. ಒಂದು ಸಲೀಸಾಗಿ ಹಿಗ್ಗುತ್ತದೆ, ಬಿಟ್ಟ ಕೂಡಲೇ ಮೊದಲಿನಂತಾಗುತ್ತದೆ. ಇನ್ನೊಂದು ಸ್ವಲ್ಪ ಬಂದು ಅಲ್ಲೇ ನಿಲ್ಲುತ್ತದೆ. ಹಿಗ್ಗುವುದನ್ನು ಲೂಮಿನ, ಅಂದರೆ ಸುತ್ತಲೂ ಗೂಟಗಳಿರುವ ಉಂಗುರದ ಮೇಲೆ ಹೆಣೆದದ್ದು, ಹಿಗ್ಗದ್ದನ್ನು ತುದಿಯಲ್ಲಿ ಕೊಕ್ಕೆಯಿರುವ ಕ್ರೋಶಾ ಕಡ್ಡಿಯಲ್ಲಿ. ಇವತ್ತು ನಾನು ಹೇಳಬೇಕೆಂದಿರುವ ಮಾತಿನಲ್ಲಿ ಬಹುಪಾಲು ಈ ವ್ಯತ್ಯಾಸದಿಂದಲೇ ಹುಟ್ಟುವಂಥದ್ದು. ಟೋಪಿ ತಲೆಯ ಮೇಲೆ ಕೂರಬೇಕಾದರೆ ಹಿಗ್ಗಬೇಕು. ಎಸಳು ಎಸಳಾಗಿ ಕಾಣಬೇಕಾದರೆ ಆಕಾರ ಬಿಡಬಾರದು. ಆದ್ದರಿಂದ ಟೋಪಿಗೆ ಲೂಮ್, ಹೂವಿಗೆ ಕ್ರೋಶಾ ಎನ್ನುವುದು ನನ್ನ ಪಕ್ಷ. ಇದಕ್ಕೆ ಹೊರತಾದವೂ ಇವೆ, ಅವುಗಳ ಮಾತನ್ನೂ ಆಡೋಣ.

ಮೊದಲು, ಹೀಗೇಕೆ ಎಂದು ನೋಡೋಣ. ಲೂಮಿನಲ್ಲಿ ಪ್ರತಿ ಗೂಟದ ಮೇಲೂ ಒಂದೊಂದು ಕುಣಿಕೆ ತೆರೆದೇ ಇರುತ್ತದೆ. ಕೆಳಗಿನ ಸುತ್ತಿನ ಕುಣಿಕೆಯೊಳಗಿಂದ ಮೇಲಿನ ಸುತ್ತಿನದು ತೂರಿ ಬರುತ್ತದೆ, ಅಷ್ಟೇ. ಎಲ್ಲೂ ಗಂಟು ಬೀಳುವುದಿಲ್ಲ. ಅಡ್ಡಕ್ಕೆ ಎಳೆದರೆ ಕುಣಿಕೆಯ ಎತ್ತರದಲ್ಲಿದ್ದ ದಾರ ಅಗಲದ ಕಡೆಗೆ ಜಾರುತ್ತದೆ, ಬಿಟ್ಟರೆ ಹಿಂದಿರುಗುತ್ತದೆ. ಇದೇ ಕಾರಣಕ್ಕೆ ಒಂದು ಕುಣಿಕೆ ಗೂಟದಿಂದ ಜಾರಿದರೆ ಅದರ ಕೆಳಗಿನವು ಒಂದರ ಹಿಂದೊಂದು ಬಿಚ್ಚಿಕೊಳ್ಳುತ್ತವೆ. ಕ್ರೋಶಾದಲ್ಲಿ ಯಾವ ಹೊತ್ತಿಗೂ ಕಡ್ಡಿಯ ಮೇಲೆ ಕೆಲಸಕ್ಕಿರುವುದು ಒಂದೇ ಕುಣಿಕೆ. ಹಿಂದೆ ಬಿಟ್ಟು ಬಂದ ಪ್ರತಿ ಸ್ಟಿಚ್ಚೂ ತನ್ನ ಕೆಳಗಿನದಕ್ಕೂ ಪಕ್ಕದ್ದಕ್ಕೂ ಬಿಗಿದುಕೊಂಡಿರುತ್ತದೆ. ಕ್ರೋಶಾ ಬಟ್ಟೆ ದಪ್ಪ, ಗಟ್ಟಿ, ಅದಕ್ಕೆ ದಾರವೂ ಹೆಚ್ಚು ಬೇಕು.

ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ತೆರೆದ ಕುಣಿಕೆಗಳ ಹೆಣಿಗೆ ಬಹಳ ಹಿಂದೆಯೇ ಯಂತ್ರಕ್ಕೆ ಒಲಿಯಿತು. ಇಂಗ್ಲೆಂಡಿನ ವಿಲಿಯಂ ಲೀ 1589ರಲ್ಲಿ ಕಾಲುಚೀಲ ಹೆಣೆಯುವ ಯಂತ್ರ ಮಾಡಿದರು. ನಾವು ಮೈಮೇಲೆ ಹಾಕಿಕೊಳ್ಳುವ ಟೀ ಶರ್ಟಿನ ಬಟ್ಟೆಯೂ ಅದೇ ಬಗೆಯ ಹೆಣಿಗೆ. ಕ್ರೋಶಾ ಹಾಗೆ ಕಾರ್ಖಾನೆಗೆ ಹೋಗಲಿಲ್ಲ. ಅಂಗಡಿಯಲ್ಲಿ ಕ್ರೋಶಾದಂತೆ ಕಾಣುವ ಯಂತ್ರದ ಬಟ್ಟೆ ಬೇರೆಯೇ ಜಾತಿಯ ಹೆಣಿಗೆ. ನಿಜವಾದ ಕ್ರೋಶಾ ಹೂವು ನಿಮ್ಮ ಕೈಗೆ ಬಂತೆಂದರೆ ಯಾರೋ ಒಬ್ಬರು ಕೂತು, ಒಂದೊಂದು ಸ್ಟಿಚ್ಚನ್ನೂ ಕೈಯಿಂದಲೇ ಹಾಕಿದ್ದಾರೆ. ಅಂಥದ್ದು ತೀರಾ ಅಗ್ಗಕ್ಕೆ ಮಾರಾಟಕ್ಕಿದ್ದರೆ ಆ ಕೈಗೆ ಎಷ್ಟು ಸಿಕ್ಕಿರಬಹುದು ಎಂದು ಒಮ್ಮೆ ಯೋಚಿಸಿ.

ಈಗ ಟೋಪಿ. ನಾನು ಹೇಳುತ್ತಿರುವುದು ಗೂಟಗಳಿರುವ ದುಂಡು ಲೂಮಿನ ಬಗ್ಗೆ: ಪ್ಲಾಸ್ಟಿಕ್ ಉಂಗುರ, ಸುತ್ತಲೂ ಗೂಟ, ಕುಣಿಕೆ ಎತ್ತಲು ಒಂದು ಕೊಕ್ಕೆ. ಸಾಮಾನ್ಯವಾಗಿ ಸಿಗುವ ಸೆಟ್ಟಿನಲ್ಲಿ 24, 31, 36 ಮತ್ತು 41 ಗೂಟಗಳ ನಾಲ್ಕು ಲೂಮ್‌ಗಳಿರುತ್ತವೆ. ಯಾವುದು ಯಾರಿಗೆ ಎಂಬುದನ್ನು ಬಾಯಿಪಾಠ ಮಾಡಬೇಕಾಗಿಲ್ಲ, ಲೆಕ್ಕ ಹಾಕಿದರೆ ತಿಳಿಯುತ್ತದೆ. ಈ ದಪ್ಪ ಲೂಮ್‌ಗಳಲ್ಲಿ ಒಂದು ಕುಣಿಕೆ ಸುಮಾರು ಒಂದೂಕಾಲು ಸೆಂ.ಮೀ. ಅಗಲ ಬರುತ್ತದೆ. 36 ಗೂಟಕ್ಕೆ 45 ಸೆಂ.ಮೀ. ಸುತ್ತಳತೆ. ದೊಡ್ಡವರ ತಲೆ ಸಾಮಾನ್ಯವಾಗಿ 54ರಿಂದ 58 ಸೆಂ.ಮೀ. ಇರುತ್ತದೆ. ಸಾಲದಲ್ಲ ಎನಿಸುತ್ತದೆ, ಆದರೆ ಹಿಗ್ಗುತ್ತದೆ ಎಂದೆನಲ್ಲ, ಆ ಹಿಗ್ಗುವಿಕೆಯೇ ಟೋಪಿಯನ್ನು ತಲೆಗೆ ಹಿಡಿದಿಡುವುದು. ತಲೆಯಷ್ಟೇ ಅಗಲದ ಟೋಪಿ ಕಣ್ಣಿನ ಮೇಲೆ ಜಾರುತ್ತದೆ. ತಲೆ ದೊಡ್ಡದಿದ್ದರೆ, ಕೂದಲು ದಟ್ಟವಾಗಿದ್ದರೆ 41 ಗೂಟದ್ದು. ಮಕ್ಕಳಿಗೆ 31, ಹಸುಗೂಸಿಗೆ 24.

ಗೂಟಗಳ ನಡುವಿನ ಅಂತರ ದೊಡ್ಡದಾದ್ದರಿಂದ ತೆಳು ದಾರ ಒಂಟಿಯಾಗಿ ನಿಲ್ಲುವುದಿಲ್ಲ. ಬಲೆಯಾಗುತ್ತದೆ, ಗಾಳಿ ತೂರುತ್ತದೆ. ಒಂದೋ ಬಹಳ ದಪ್ಪ ದಾರ ತೆಗೆದುಕೊಳ್ಳಿ, ಇಲ್ಲವೇ ಮಧ್ಯಮ ದಾರದ ಎರಡು ಎಳೆಗಳನ್ನು ಜೊತೆಗೆ ಹಿಡಿಯಿರಿ. ನನಗೆ ಎರಡನೆಯದೇ ಇಷ್ಟ. ಎರಡು ಎಳೆಗಳಿದ್ದರೆ ಎರಡು ಬಣ್ಣಗಳ ಅವಕಾಶವೂ ಇರುತ್ತದೆ.

ಕೆಲಸ ಸುಲಭ. ಪ್ರತಿ ಗೂಟಕ್ಕೂ ದಾರವನ್ನು ಒಂದು ಸುತ್ತು ಸುತ್ತುತ್ತ ಲೂಮಿನ ಸುತ್ತ ಬನ್ನಿ. ಕೆಳಕ್ಕೆ ಒತ್ತಿ, ಇನ್ನೊಂದು ಸುತ್ತು ಸುತ್ತಿ. ಈಗ ಪ್ರತಿ ಗೂಟದಲ್ಲೂ ಎರಡು ಕುಣಿಕೆಗಳಿವೆ. ಕೊಕ್ಕೆಯಿಂದ ಕೆಳಗಿನದನ್ನು ಮೇಲಿನದರ ಮೇಲಿಂದ ಎತ್ತಿ ಗೂಟದ ಆಚೆ ಬಿಡಿ. ಹೀಗೇ ಸುತ್ತುವುದು, ಎತ್ತುವುದು. ಹೊಸಬರು ದಾರವನ್ನು ಬಿಗಿಯಾಗಿ ಎಳೆಯುತ್ತಾರೆ, ಎರಡೇ ಸುತ್ತಿನಲ್ಲಿ ಕುಣಿಕೆ ಎತ್ತಲಾಗದೆ ಬೆರಳು ನೋಯುತ್ತದೆ. ದಾರವನ್ನು ಎಳೆಯಬೇಡಿ, ಗೂಟದ ಸುತ್ತ ಮಲಗಿಸಿ.

ಅಂಚಿನ ಬಗ್ಗೆ ವಿವರವಾಗಿಯೇ ಹೇಳಬೇಕು, ಲೂಮಿನ ಟೋಪಿಗೆ ಅಂದ ಬರುವುದೇ ಅಲ್ಲಿಂದ. ಸುತ್ತಿ ಎತ್ತಿದ ಹೆಣಿಗೆಯ ಕೆಳ ಅಂಚು ತನ್ನಷ್ಟಕ್ಕೆ ಸುರುಳಿಯಾಗುತ್ತದೆ. ಅದನ್ನು ತಡೆಯುವ ದಾರಿ ಮಡಿಕೆ. ಆರು ಸೆಂ.ಮೀ. ಅಂಚು ಬೇಕಿದ್ದರೆ ಹನ್ನೆರಡು ಸೆಂ.ಮೀ. ಹೆಣೆಯಿರಿ. ಆಮೇಲೆ ಮೊಟ್ಟಮೊದಲ ಸುತ್ತಿನ ಕುಣಿಕೆಗಳನ್ನು ಲೂಮಿನ ಒಳಗಿನಿಂದ ಮೇಲೆತ್ತಿ, ಒಂದೊಂದನ್ನೂ ಅದರದ್ದೇ ಗೂಟಕ್ಕೆ ಸಿಕ್ಕಿಸಿ, ಕೆಳಗಿನ ಕುಣಿಕೆಯನ್ನು ಅದರ ಮೇಲಿಂದ ಎತ್ತಿಬಿಡಿ. ಎರಡು ಪದರದ ಅಂಚು ಸಿದ್ಧ, ಕಿವಿಗೂ ಬೆಚ್ಚಗೆ. ಇದರಲ್ಲಿ ಗೂಟ ತಪ್ಪಬಾರದು. ಮೂರನೆಯ ಗೂಟದ ಕುಣಿಕೆ ನಾಲ್ಕನೆಯದಕ್ಕೆ ಹೋಯಿತೆಂದರೆ ಅಂಚೆಲ್ಲ ಓರೆಯಾಗಿ ತಿರುಚಿಕೊಳ್ಳುತ್ತದೆ. ಪ್ರತಿ ಎಂಟನೆಯ ಗೂಟದ ಕುಣಿಕೆಗೆ ಬೇರೆ ಬಣ್ಣದ ಚೂರು ದಾರ ಕಟ್ಟಿಟ್ಟುಕೊಂಡರೆ ಕಣ್ಣಿಗೆ ಗುರುತು ಸಿಗುತ್ತದೆ.

ಮಡಿಸಿದ ಅಂಚಿನಿಂದ ಮೇಲಕ್ಕೆ ಸುಮಾರು 20 ಸೆಂ.ಮೀ. ಆದಾಗ ದೊಡ್ಡವರ ಟೋಪಿಗೆ ಸಾಕು. ಅಳೆಯುವಾಗ ಹೆಣಿಗೆಯನ್ನು ಮೆಲ್ಲಗೆ ಕೆಳಕ್ಕೆ ಜಗ್ಗಿ ಅಳೆಯಿರಿ. ಲೂಮಿನ ಮೇಲೆ ಅದು ಅಗಲಕ್ಕೆ ಎಳೆದುಕೊಂಡಿರುವುದರಿಂದ ಉದ್ದ ಕಡಿಮೆ ಕಾಣುತ್ತದೆ, ಇಳಿಸಿದ ಮೇಲೆ ಉದ್ದವಾಗುತ್ತದೆ. ನೆತ್ತಿ ಮುಚ್ಚಲು ಸೂಜಿಗೆ ದಾರ ಪೋಣಿಸಿ ಪ್ರತಿ ಕುಣಿಕೆಯೊಳಗೂ ಹಾಯಿಸಿ, ಗೂಟದಿಂದ ತೆಗೆದು, ಜಗ್ಗಿ ಕಟ್ಟಿ. 36 ಕುಣಿಕೆಗಳು ಒಂದೇ ಕಡೆ ಕೂಡಿದರೆ ನೆತ್ತಿಯಲ್ಲಿ ದಪ್ಪ ಗುಪ್ಪೆಯಾಗುತ್ತದೆ ಎನ್ನುವವರು ಮೊದಲೇ ಒಂದು ಬಿಟ್ಟು ಒಂದು ಕುಣಿಕೆಯನ್ನು ಪಕ್ಕದ ಗೂಟಕ್ಕೆ ದಾಟಿಸಿ, ಎರಡನ್ನೂ ಒಂದಾಗಿ ಹೆಣೆದುಕೊಳ್ಳಿ. ಹದಿನೆಂಟೇ ಉಳಿಯುತ್ತವೆ.

ಕೈಹೆಣಿಗೆಯ ಟೋಪಿ ಒಂದು ಕಾಲದಲ್ಲಿ ಎಷ್ಟು ದೊಡ್ಡ ಉದ್ಯೋಗವಾಗಿತ್ತೆಂದರೆ ಇಂಗ್ಲೆಂಡಿನ ಸಂಸತ್ತು 1571ರಲ್ಲಿ ಒಂದು ಕಾನೂನನ್ನೇ ಮಾಡಿತು. ಆರು ವರ್ಷ ಮೀರಿದ ಸಾಮಾನ್ಯ ಜನರು ಭಾನುವಾರ ಮತ್ತು ಹಬ್ಬದ ದಿನಗಳಲ್ಲಿ ದೇಶದಲ್ಲೇ ಹೆಣೆದ ಉಣ್ಣೆಯ ಟೋಪಿ ಹಾಕಲೇಬೇಕು, ಶ್ರೀಮಂತ ಮನೆತನದವರಿಗೆ ವಿನಾಯಿತಿ. ಫ್ಯಾಷನ್ ಬದಲಾಗಿ ಟೋಪಿ ಹೆಣೆಯುವವರ ಕೆಲಸ ಹೋಗುತ್ತಿತ್ತು, ಅವರನ್ನು ಉಳಿಸಲು ಮಾಡಿದ ಕಾನೂನು ಅದು. 1597ರಲ್ಲಿ ಅದನ್ನು ಹಿಂದಕ್ಕೆ ಪಡೆದರು. ಕಾನೂನಿನಿಂದ ಯಾರ ತಲೆಗೂ ಬಹುಕಾಲ ಟೋಪಿ ಹಾಕಿಸಲು ಆಗುವುದಿಲ್ಲ, ಜನಕ್ಕೆ ಅದು ಇಷ್ಟವಾಗಬೇಕು. ಇಷ್ಟವಾಗುವ ಮಾತು ಬಂದರೆ ಬಣ್ಣದ ಮಾತು ಬರಲೇಬೇಕು.

ಪ್ಯಾರಿಸಿನ ಗೋಬೆಲಿನ್ ಕಾರ್ಖಾನೆಯಲ್ಲಿ ಚಿತ್ರದ ಪರದೆಗಳನ್ನು ನೇಯುತ್ತಿದ್ದರು. ಅಲ್ಲಿನ ಬಣ್ಣಗಾರಿಕೆಯ ವಿಭಾಗಕ್ಕೆ 1824ರಲ್ಲಿ ಮಿಶೆಲ್ ಯೂಜೀನ್ ಶೆವ್ರಲ್ ಎಂಬ ರಸಾಯನಶಾಸ್ತ್ರಜ್ಞರು ಮುಖ್ಯಸ್ಥರಾದರು. ಅವರಿಗೆ ಬಂದ ದೂರುಗಳಲ್ಲಿ ಒಂದು, ಇಲ್ಲಿ ಅದ್ದಿದ ಕಪ್ಪು ನೂಲು ಕಳೆಗುಂದಿದೆ, ನೀಲಿ ಮತ್ತು ನೇರಳೆ ಬಟ್ಟೆಗಳ ನೆರಳಿಗೆ ಅದನ್ನು ಬಳಸಿದರೆ ಗಾಢತೆಯೇ ಇಲ್ಲ ಎಂಬುದು. ಶೆವ್ರಲ್ ಆ ಕಪ್ಪನ್ನು ಬೇರೆ ಕಡೆಗಳ ಕಪ್ಪು ನೂಲಿನ ಜೊತೆ ಇಟ್ಟು ಪರೀಕ್ಷಿಸಿದರು. ಬಣ್ಣದಲ್ಲಿ ಕೊರತೆಯೇ ಇರಲಿಲ್ಲ. ಪಕ್ಕದ ನೀಲಿ, ನೇರಳೆ ಬಣ್ಣಗಳೇ ಕಪ್ಪನ್ನು ಕಣ್ಣಿಗೆ ಮಂಕಾಗಿಸುತ್ತಿದ್ದವು. ಎರಡು ಬಣ್ಣ ಅಕ್ಕಪಕ್ಕ ಇದ್ದಾಗ ಒಂದು ಇನ್ನೊಂದನ್ನು ತನ್ನಿಂದ ದೂರ ತಳ್ಳಿ ತೋರಿಸುತ್ತದೆ ಎಂಬ ನಿಯಮವನ್ನು ಅವರು 1839ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಚಿತ್ರಕಾರರೆಲ್ಲ ಆಮೇಲೆ ಅದನ್ನು ಓದಿದರು. ಆದರೆ ಆ ತಿಳಿವಳಿಕೆ ಹುಟ್ಟಿದ್ದು ನೂಲಿನ ಲಡಿಗಳ ನಡುವೆ ಎಂಬುದು ನನಗೆ ಬಹಳ ಸಂತೋಷ ಕೊಡುವ ಸಂಗತಿ.

ಇದನ್ನು ನಮ್ಮ ಟೋಪಿಗೆ ಹೇಗೆ ತರುವುದು? ಅಗಲ ಪಟ್ಟೆಗಳಲ್ಲಿ ಕೆಂಪಿನ ಪಕ್ಕ ಹಸಿರು ಇಟ್ಟರೆ ಎರಡೂ ಪ್ರಖರವಾಗುತ್ತವೆ. ಅದೇ ಕೆಂಪು ಎಳೆ ಮತ್ತು ಹಸಿರು ಎಳೆಯನ್ನು ಜೊತೆಗೆ ಹಿಡಿದು ಹೆಣೆಯಿರಿ, ನಾಲ್ಕು ಹೆಜ್ಜೆ ದೂರದಿಂದ ಟೋಪಿ ಮಣ್ಣಿನ ಬಣ್ಣವಾಗಿ ಕಾಣುತ್ತದೆ. ಚಿಕ್ಕ ಚಿಕ್ಕ ಚುಕ್ಕೆಗಳನ್ನು ಕಣ್ಣು ಬೇರ್ಪಡಿಸಲಾರದೆ ಬೆರೆಸಿಬಿಡುತ್ತದೆ. ಅಂದರೆ, ಬಣ್ಣಗಳ ಚಕ್ರದಲ್ಲಿ ಎದುರುಬದುರಿನ ಬಣ್ಣಗಳು ಪಟ್ಟೆಗೆ, ನೆರೆಹೊರೆಯ ಬಣ್ಣಗಳು ಜೋಡಿ ಎಳೆಗೆ. ಹಳದಿ ಮತ್ತು ಕಿತ್ತಳೆ, ನೀಲಿ ಮತ್ತು ನೇರಳೆ, ಗುಲಾಬಿ ಮತ್ತು ಕೆಂಪು ಎಳೆಗಳನ್ನು ಜೊತೆಗೆ ಹಿಡಿದು ನೋಡಿ, ಯಾವ ಒಂಟಿ ಬಣ್ಣದಲ್ಲೂ ಸಿಗದ ಆಳ ಸಿಗುತ್ತದೆ. ಆಯ್ಕೆ ಮಾಡಿದ ಉಂಡೆಗಳನ್ನು ಸಾಲಾಗಿಟ್ಟು ಫೋನಿನಲ್ಲಿ ಕಪ್ಪು ಬಿಳುಪು ಫೋಟೊ ತೆಗೆಯಿರಿ. ಎಲ್ಲವೂ ಒಂದೇ ಬೂದು ಬಣ್ಣಕ್ಕೆ ಬಂದರೆ ಪಟ್ಟೆಗಳು ಎದ್ದು ಕಾಣುವುದಿಲ್ಲ. ಒಂದಾದರೂ ತಿಳಿಯಾಗಿ, ಒಂದಾದರೂ ಗಾಢವಾಗಿ ಇರಬೇಕು.

ಉಂಡೆಯ ಲೇಬಲ್ ಮೇಲಿನ ಡೈ ಲಾಟ್ ಸಂಖ್ಯೆಯನ್ನೂ ನೋಡಿಕೊಳ್ಳಿ. ಹೆಸರು ಒಂದೇ ಆದರೂ ಬೇರೆ ಬೇರೆ ಸಲ ಅದ್ದಿದ ದಾರದಲ್ಲಿ ಸಣ್ಣ ವ್ಯತ್ಯಾಸ ಇರುತ್ತದೆ, ಟೋಪಿಯ ಮೇಲೆ ಅದು ಗೆರೆಯಾಗಿ ಕಾಣುತ್ತದೆ. ಬೇರೆ ಲಾಟೇ ಸಿಕ್ಕಿದ್ದರೆ ಎರಡು ಸುತ್ತು ಅದರಲ್ಲಿ, ಎರಡು ಸುತ್ತು ಇದರಲ್ಲಿ ಹೆಣೆದು ಬೆರೆಸಿ.

ಇನ್ನು ಹೂವು. ಕ್ರೋಶಾದಲ್ಲಿ ಎಲ್ಲ ಆಕಾರದ ಹಿಂದೆಯೂ ಒಂದೇ ಒಂದು ಪ್ರಶ್ನೆ ಇದೆ: ಈ ಸುತ್ತಿನಲ್ಲಿ ಎಷ್ಟು ಸ್ಟಿಚ್ ಹೆಚ್ಚಿಸಬೇಕು? ದಾರವನ್ನೇ ಸುತ್ತಿ ಮಾಡಿದ ಮಧ್ಯದ ಉಂಗುರದಲ್ಲಿ ಆರು ಸಿಂಗಲ್ ಕ್ರೋಶಾ, ಅಂದರೆ ಗಿಡ್ಡನೆಯ ಸರಳ ಸ್ಟಿಚ್, ಹಾಕಿ ಶುರು ಮಾಡಿ. ಪ್ರತಿ ಸುತ್ತಿಗೂ ಆರು ಹೆಚ್ಚಿಸುತ್ತ ಹೋಗಿ: 12, 18, 24, 30. ಚಪ್ಪಟೆ ವೃತ್ತ ಬರುತ್ತದೆ. ಆರೇ ಏಕೆ? ಸಿಂಗಲ್ ಕ್ರೋಶಾದ ಎತ್ತರವೂ ಅಗಲವೂ ಸರಿಸುಮಾರು ಸಮ. ಒಂದು ಸುತ್ತು ಹೆಣೆದಾಗ ವೃತ್ತದ ತ್ರಿಜ್ಯ ಒಂದು ಸ್ಟಿಚ್ಚಿನಷ್ಟು ಬೆಳೆಯುತ್ತದೆ, ಪರಿಧಿ ಅದರ ಎರಡು ಪೈ ಪಟ್ಟು, ಅಂದರೆ 6.28 ಪಟ್ಟು ಬೆಳೆಯಬೇಕು. ಆ ಆರೂಕಾಲನ್ನು ನಾವು ಆರು ಎಂದು ಹೆಣೆಯುತ್ತೇವೆ. ಡಬಲ್ ಕ್ರೋಶಾ ಹೆಚ್ಚುಕಡಿಮೆ ಎರಡರಷ್ಟು ಎತ್ತರ, ಆದ್ದರಿಂದ ಅದಕ್ಕೆ ಹನ್ನೆರಡು. ಶಾಲೆಯಲ್ಲಿ ಕಲಿತ ಪೈ ಕಡ್ಡಿಯ ತುದಿಗೆ ಬಂದು ಕೂತಿದೆ ನೋಡಿ. ಅಂದಹಾಗೆ ನಾನು ಹೇಳುತ್ತಿರುವುದು ಅಮೆರಿಕದ ಪದ್ಧತಿಯ ಹೆಸರುಗಳು. ಬ್ರಿಟನ್ನಿನ ಪ್ಯಾಟರ್ನ್‌ಗಳಲ್ಲಿ ಇದೇ ಸಿಂಗಲ್ ಅನ್ನು ಡಬಲ್ ಎಂದು ಬರೆದಿರುತ್ತಾರೆ, ಶುರು ಮಾಡುವ ಮೊದಲು ಯಾವ ದೇಶದ ಪ್ಯಾಟರ್ನ್ ಎಂದು ನೋಡಿಕೊಳ್ಳಿ.

ಆರಕ್ಕಿಂತ ಕಡಿಮೆ ಹೆಚ್ಚಿಸಿದರೆ ವೃತ್ತ ಬಟ್ಟಲಾಗುತ್ತದೆ. ಕ್ರೋಶಾ ಟೋಪಿ ಎಂದರೆ ಇದೇ, ಮೊದಲು ಹೇಳಿದ ಹೊರತುಗಳಲ್ಲಿ ಒಂದು. 52 ಸೆಂ.ಮೀ. ಸುತ್ತಳತೆಯ ಟೋಪಿ ಬೇಕಾದರೆ ವೃತ್ತದ ಅಡ್ಡಳತೆ ಸುಮಾರು 16.5 ಸೆಂ.ಮೀ. ಆಗುವವರೆಗೆ ಹೆಚ್ಚಿಸಿ, ಅಲ್ಲಿ ನಿಲ್ಲಿಸಿ, ನೇರ ಇಳಿಯಿರಿ. ಅಂಚುಪಟ್ಟಿ ಇರುವ ಬಿಸಿಲ ಟೋಪಿ, ಹತ್ತಿ ದಾರದ ಟೋಪಿ, ಇವಕ್ಕೆ ಆಕಾರ ನಿಲ್ಲಬೇಕು, ಹಾಗಾಗಿ ಅಲ್ಲಿ ಕ್ರೋಶಾವೇ ಸರಿ.

ಆರಕ್ಕಿಂತ ಹೆಚ್ಚು ಹೆಚ್ಚಿಸಿದರೆ? ಅಂಚಿಗೆ ಜಾಗ ಸಾಲದೆ ಅದು ಮೇಲೆ ಕೆಳಗೆ ಅಲೆಯತೊಡಗುತ್ತದೆ, ನಿರಿಗೆಗಟ್ಟುತ್ತದೆ. ಹೂವು ಅಲ್ಲಿಂದ ಶುರು. ಹತ್ತು ಸ್ಟಿಚ್‌ನಿಂದ ಆರಂಭಿಸಿ ಪ್ರತಿ ಸ್ಟಿಚ್ಚಿನಲ್ಲೂ ಎರಡೆರಡು ಹಾಕುತ್ತ ಹೋದರೆ 20, 40, 80, 160, 320. ಐದೇ ಸುತ್ತಿನಲ್ಲಿ ಅಂಗೈಯಲ್ಲಿ ನಿರಿನಿರಿಯಾದ ಕಾರ್ನೇಷನ್ ಹೂವು. 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಲಾಟ್ವಿಯಾ ಮೂಲದ ಗಣಿತಜ್ಞೆ ಡೈನಾ ತೈಮಿನಾ ಇದೇ ಉಪಾಯ ಬಳಸಿದರು. ಹೈಪರ್‌ಬೋಲಿಕ್ ಜ್ಯಾಮಿತಿ ಎಂಬ ವಿಷಯವಿದೆ, ಚಪ್ಪಟೆಯಾಗಿರದೆ ಹೀಗೆ ನಿರಿಗೆಯಾಗಿ ಹರಡುವ ಮೇಲ್ಮೈಯ ಗಣಿತ ಅದು. ಅಲ್ಲಿನ ಮೇಲ್ಮೈಯನ್ನು ಕಾಗದದಲ್ಲಿ ಮಾಡಿದರೆ ಬೇಗ ಹರಿದುಹೋಗುತ್ತಿತ್ತು. ತೈಮಿನಾ ಪ್ರತಿ ಸಾಲಿನಲ್ಲೂ ಒಂದೇ ಅನುಪಾತದಲ್ಲಿ ಸ್ಟಿಚ್ ಹೆಚ್ಚಿಸುತ್ತ ಅದನ್ನು ಕ್ರೋಶಾದಲ್ಲಿ ಹೆಣೆದರು. ವಿದ್ಯಾರ್ಥಿಗಳು ಮಡಿಸಬಹುದು, ಮೇಲೆ ಗೆರೆ ಹೊಲಿಯಬಹುದು, ಕೈಯಲ್ಲಿ ಹಿಡಿದು ಅರಿಯಬಹುದು. 2005ರಲ್ಲಿ ಮಾರ್ಗರೆಟ್ ಮತ್ತು ಕ್ರಿಸ್ಟೀನ್ ವರ್ಥೈಮ್ ಎಂಬ ಸೋದರಿಯರು ಅದೇ ಹೆಣಿಗೆಯಿಂದ ಹವಳದ ದಿಬ್ಬಗಳನ್ನು ಕಟ್ಟುವ ಕೆಲಸ ಆರಂಭಿಸಿದರು, ಅನೇಕ ದೇಶಗಳ ಹೆಣೆಯುವವರು ಅದಕ್ಕೆ ಕೈಜೋಡಿಸಿದರು. ಹೂವಿನ ಅಂಚು ನಿರಿಗೆಯಾದಾಗ ನಿಮ್ಮ ಕೈಯಲ್ಲಿರುವುದು ಗಣಿತದ ತರಗತಿಯಲ್ಲಿ ಪಾಠಕ್ಕಿಟ್ಟ ಅದೇ ಮೇಲ್ಮೈ.

ಮೊದಲ ಸಲ ಮಾಡುವವರು ಐದೆಸಳಿನ ಹೂವಿನಿಂದ ಶುರು ಮಾಡಿ. ಉಂಗುರದಲ್ಲಿ ಹತ್ತು ಸಿಂಗಲ್ ಕ್ರೋಶಾ ಹಾಕಿ ಸುತ್ತು ಮುಚ್ಚಿ. ಎರಡು ಚೈನ್, ಅಂದರೆ ಸರಪಳಿಯಂತೆ ಬರುವ ಬಿಡಿ ಕುಣಿಕೆ, ಹಾಕಿ, ಮುಂದಿನ ಸ್ಟಿಚ್ಚಿನಲ್ಲಿ ಮೂರು ಡಬಲ್ ಕ್ರೋಶಾ, ಮತ್ತೆ ಎರಡು ಚೈನ್, ಅದರ ಮುಂದಿನದರಲ್ಲಿ ಎತ್ತರವಿಲ್ಲದೆ ಸೇರಿಸುವ ಸ್ಲಿಪ್ ಸ್ಟಿಚ್. ಒಂದು ಎಸಳಾಯಿತು. ಇನ್ನು ನಾಲ್ಕು ಸಲ ಹಾಗೆಯೇ. ಎಸಳು ದುಂಡಗೆ ಬರುವುದು ನಡುವೆ ಎತ್ತರದ ಸ್ಟಿಚ್, ಎರಡೂ ಬದಿಗೆ ಗಿಡ್ಡ ಸ್ಟಿಚ್ ಇರುವುದರಿಂದ. ಇದು ಅರ್ಥವಾದರೆ ಚೂಪು ಎಸಳು, ಅಗಲ ಎಸಳು, ಎಲ್ಲವನ್ನೂ ಪ್ಯಾಟರ್ನ್ ಇಲ್ಲದೆಯೇ ಕಟ್ಟಬಹುದು.

ಗುಲಾಬಿ ಎರಡು ಬಗೆಯಲ್ಲಿ ಆಗುತ್ತದೆ. ಉದ್ದ ಚೈನಿನ ಮೇಲೆ ಚಿಕ್ಕದರಿಂದ ದೊಡ್ಡದಕ್ಕೆ ಎಸಳುಗಳ ಪಟ್ಟಿ ಹೆಣೆದು, ಚಿಕ್ಕ ತುದಿಯಿಂದ ಸುರುಳಿ ಸುತ್ತಿ ಬುಡ ಹೊಲಿಯುವುದು ಒಂದು. ಇನ್ನೊಂದು ಐರಿಷ್ ಗುಲಾಬಿ. ಮೊದಲ ಪದರದ ಎಸಳುಗಳ ಹಿಂದೆ ಐದು ಚೈನಿನ ಕುಣಿಕೆಗಳನ್ನು ಹಾಕಿ, ಅವುಗಳ ಮೇಲೆ ಎರಡನೆಯ ಪದರ. ಅದರ ಹಿಂದೆ ಏಳು ಚೈನಿನವು, ಮೂರನೆಯ ಪದರ. ಹೂವು ನಿಜವಾಗಿಯೂ ಪದರ ಪದರವಾಗಿ ಏಳುತ್ತದೆ.

ಈ ಗುಲಾಬಿಯ ಹಿಂದೆ ಹಸಿವಿನ ಕಥೆಯಿದೆ. 1845ರಲ್ಲಿ ಐರ್ಲೆಂಡಿನ ಆಲೂಗೆಡ್ಡೆ ಬೆಳೆಗೆ ರೋಗ ಬಿದ್ದು ಮಹಾ ಕ್ಷಾಮ ಬಂತು. ಕ್ರೈಸ್ತ ಸಂನ್ಯಾಸಿನಿಯರ ಮಠಗಳಲ್ಲಿ, ಶಾಲೆಗಳಲ್ಲಿ ಬಡ ಹೆಂಗಸರಿಗೂ ಮಕ್ಕಳಿಗೂ ಕ್ರೋಶಾ ಲೇಸ್ ಕಲಿಸಿದರು. ಕ್ಲೋನಿಸ್ ಪಟ್ಟಣದಲ್ಲಿ 1847ರಲ್ಲಿ ಪಾದ್ರಿಯೊಬ್ಬರ ಪತ್ನಿ ಕಸಾಂಡ್ರಾ ಹ್ಯಾಂಡ್ ಈ ಕೆಲಸ ಆರಂಭಿಸಿದರು. ಆ ಲೇಸನ್ನು ಒಂದೇ ಹಾಸಿನಲ್ಲಿ ಹೆಣೆಯುತ್ತಿರಲಿಲ್ಲ. ಗುಲಾಬಿ, ಎಲೆ, ಬಳ್ಳಿ, ಎಲ್ಲವನ್ನೂ ಬಿಡಿಬಿಡಿಯಾಗಿ ಮಾಡಿ, ಬಟ್ಟೆಯ ಮೇಲೆ ಜೋಡಿಸಿ ಟಾಕು ಹಾಕಿ, ನಡುವಿನ ಜಾಗವನ್ನು ಬಲೆಯಂಥ ಹೆಣಿಗೆಯಿಂದ ತುಂಬುತ್ತಿದ್ದರು. ಒಬ್ಬಾಕೆ ಗುಲಾಬಿ ಮಾಡಿದರೆ ಇನ್ನೊಬ್ಬಾಕೆ ಎಲೆ, ಮತ್ತೊಬ್ಬಾಕೆ ಜೋಡಣೆ. ಶ್ರೀಮಂತರ ಕೊರಳಪಟ್ಟಿಗೆ ಹೋಗುತ್ತಿದ್ದ ಆ ಹೂವು ಮನೆಗೆ ಅನ್ನ ತರುತ್ತಿತ್ತು. ಗುಂಪಾಗಿ ಕೆಲಸ ಮಾಡುವವರಿಗೆ ಇಂದಿಗೂ ಅದೇ ಕ್ರಮ ಒಳ್ಳೆಯದು. ಎಲ್ಲರೂ ಎಲ್ಲವನ್ನೂ ಮಾಡಬೇಕಾಗಿಲ್ಲ.

ಕ್ರೋಶಾ ಕಡ್ಡಿ ಹಿಡಿಯಲು ಇನ್ನೂ ಬಾರದ ಮಕ್ಕಳಿಗೆ ಹೂವಿನ ಲೂಮ್ ಇದೆ. ಚಿಕ್ಕ ಚಕ್ರ, ಸುತ್ತ ಹನ್ನೆರಡು ಕಡ್ಡಿ. ಎದುರುಬದುರು ಕಡ್ಡಿಗಳಿಗೆ ಎಂಟರ ಆಕಾರದಲ್ಲಿ ಎರಡು ಮೂರು ಸಲ ದಾರ ಸುತ್ತಿ, ಮುಂದಿನ ಜೋಡಿಗೆ ಹೋಗುವುದು. ಹನ್ನೆರಡು ಎಸಳೂ ಆದ ಮೇಲೆ ನಡುವನ್ನು ಬೇರೆ ಬಣ್ಣದ ದಾರದಲ್ಲಿ, ಪ್ರತಿ ಎರಡು ಎಸಳಿನ ಸಂದಿಯಲ್ಲೂ ಸೂಜಿ ಹಾಯಿಸಿ ಹೊಲಿಯಬೇಕು. ಈ ಹೊಲಿಗೆಯೇ ಹೂವನ್ನು ಹಿಡಿದಿಡುವುದು, ಅವಸರದಲ್ಲಿ ಬಿಟ್ಟರೆ ಲೂಮಿನಿಂದ ತೆಗೆದ ಕೂಡಲೇ ದಾರದ ರಾಶಿ ಉಳಿಯುತ್ತದೆ.

ಹೂವನ್ನು ಟೋಪಿಗೆ ಕೂರಿಸುವ ಕ್ರಮವೂ ಮುಖ್ಯ. ಹಿಗ್ಗುವ ಬಟ್ಟೆಯ ಮೇಲೆ ಹಿಗ್ಗದ ಹೂವನ್ನು ಎಸಳಿನ ತುದಿತುದಿಗೂ ಹೊಲಿದರೆ ಟೋಪಿ ಆ ಜಾಗದಲ್ಲಿ ಬಿಗಿದುಕೊಳ್ಳುತ್ತದೆ, ತಲೆಗೆ ಹಾಕಿದಾಗ ಸುಕ್ಕಾಗುತ್ತದೆ. ನಡುವಿನ ವೃತ್ತವನ್ನಷ್ಟೇ ಹೊಲಿಯಿರಿ, ಎಸಳುಗಳು ಬಿಡುವಾಗಿರಲಿ. ಹಣೆಯ ನಟ್ಟನಡುವೆ ಬೇಡ, ಕಿವಿಯಿಂದ ತುಸು ಮುಂದಕ್ಕೆ ಚೆಂದ. ನಾನು ಹೂವಿನ ಹಿಂದೆ ಗುಂಡಿ ಹೊಲಿದು ಟೋಪಿಯ ಹೆಣಿಗೆಯ ಸಂದಿಗೇ ಸಿಕ್ಕಿಸುತ್ತೇನೆ. ಒಂದೇ ಟೋಪಿಗೆ ದಿನಕ್ಕೊಂದು ಹೂವು ಬದಲಿಸಬಹುದು.

ಹಸುಗೂಸಿನ ಟೋಪಿಗೆ ಮಾತ್ರ ಗುಂಡಿ, ಮಣಿ, ತಂತಿ ಯಾವುದೂ ಬೇಡ. ಕಿತ್ತು ಬಂದರೆ ಬಾಯಿಗೆ ಹೋಗುತ್ತದೆ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಹೂವು ಬೇಕೇ ಬೇಕಿದ್ದರೆ ಚಪ್ಪಟೆಯಾದದ್ದನ್ನು ಗಟ್ಟಿಯಾಗಿ ಹೊಲಿದು, ಎಳೆದು ಪರೀಕ್ಷಿಸಿ. ಮನೆಯೊಳಗೆ ಮಗು ಮಲಗಿದಾಗ ಟೋಪಿ ತೆಗೆಯಲು ಅವರ ಮನೆಯವರಿಗೆ ಹೇಳಿ. ಕಂದಮ್ಮಗಳ ಮೈಶಾಖ ತಲೆಯಿಂದ ಹೊರಹೋಗಬೇಕು, ಟೋಪಿ ಜಾರಿ ಮೂಗು ಮುಚ್ಚುವ ಅಪಾಯವೂ ಇದೆ.

ಚಿಕಿತ್ಸೆಯಿಂದ ಕೂದಲು ಉದುರಿದವರಿಗೆ ಟೋಪಿ ಹೆಣೆಯುವವರು ನಿಮ್ಮಲ್ಲಿ ಹಲವರಿದ್ದೀರಿ ಎಂದು ಬಲ್ಲೆ. ಅವರ ನೆತ್ತಿಯ ಚರ್ಮ ಬಹಳ ನವಿರಾಗಿರುತ್ತದೆ. ಒರಟು ಉಣ್ಣೆ ಚುಚ್ಚುತ್ತದೆ. ಮೆತ್ತನೆಯ ಹತ್ತಿ ಅಥವಾ ಮೃದುವಾದ ಅಕ್ರಿಲಿಕ್ ಆರಿಸಿ, ಕೊಳ್ಳುವ ಮೊದಲು ಉಂಡೆಯನ್ನು ಕುತ್ತಿಗೆಗೆ ಒತ್ತಿ ನೋಡಿ. ನೆತ್ತಿ ಕಟ್ಟಿದ ಗಂಟನ್ನು ಟೋಪಿಯ ಹೊರಮೈಗೆ ತಂದು, ಅದರ ಮೇಲೆ ಹೂವನ್ನು ಕೂರಿಸಿ ಮುಚ್ಚಿಬಿಡಿ. ಒಳಗಡೆ ಕೈಯಾಡಿಸಿದರೆ ಏನೂ ತಗಲಬಾರದು. ಅವರಿಗೆ ಬಣ್ಣ ಯಾವುದು ಬೇಕೆಂದು ಕೇಳಿ ಹೆಣೆಯಿರಿ. ಮಂಕು ಬಣ್ಣವೇ ಹೊಂದುತ್ತದೆ ಎಂದು ನಾವೇ ತೀರ್ಮಾನಿಸುವುದು ಸರಿಯಲ್ಲ, ಕಡುಗುಲಾಬಿ, ಕಿತ್ತಳೆ ಕೇಳುವವರು ಬಹಳ ಜನ.

ತೊಳೆಯುವ ವಿಷಯ. ಗಾಢ ಕೆಂಪು, ಗಾಢ ನೀಲಿ ದಾರವನ್ನು ಬಿಳಿಯ ಜೊತೆ ಹೆಣೆಯುವ ಮುಂಚೆ ಒಂದು ತುಂಡನ್ನು ನೆನೆಸಿ ಬಿಳಿ ಬಟ್ಟೆಯ ಮೇಲೆ ಒತ್ತಿ ನೋಡಿ, ಬಣ್ಣ ಬಿಡುತ್ತದೆಯೇ ಎಂದು ಆಗಲೇ ತಿಳಿಯುತ್ತದೆ. ಉಣ್ಣೆಯನ್ನು ಬಿಸಿನೀರಿನಲ್ಲಿ ಉಜ್ಜಿದರೆ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ಕುಗ್ಗುತ್ತವೆ, ಮತ್ತೆ ಬಿಡಿಸಲಾಗದು. ಅಕ್ರಿಲಿಕ್ ಮೇಲೆ ಇಸ್ತ್ರಿ ಇಟ್ಟರೆ ಹಿಗ್ಗುವ ಗುಣವೇ ಸತ್ತುಹೋಗುತ್ತದೆ. ಟೋಪಿ ಒಂದು ದಾರ, ಹೂವು ಇನ್ನೊಂದು ದಾರವಾದರೆ ಎರಡಕ್ಕೂ ಹೊಂದುವುದು ತಣ್ಣೀರು ಮತ್ತು ಕೈತೊಳೆತ. ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ಬೋರಲು ಹಾಕಿದ ಬಟ್ಟಲಿನ ಮೇಲೆ ಟೋಪಿಯನ್ನು ಕೂರಿಸಿ ನೆರಳಿನಲ್ಲಿ ಒಣಗಿಸಿ. ಹೂವಿನ ಎಸಳುಗಳನ್ನು ಒದ್ದೆಯಿರುವಾಗಲೇ ಬೆರಳಿನಿಂದ ಒಂದೊಂದಾಗಿ ಬಿಡಿಸಿಡಿ, ಒಣಗಿದ ಮೇಲೆ ಹಾಗೆಯೇ ನಿಲ್ಲುತ್ತವೆ.